ಚಿಚೆನ್ ಇಟ್ಜಾಕ್ಕೆ ಬಸ್ ಹತ್ತುವ ಮುಂಚೆ, ಗಡಿಯಾರ ಯಾವ ಊರಿನದು ಅಂತ ಕೇಳಿಕೊಳ್ಳಿ

ಅಮೆರಿಕದಲ್ಲಿರುವ ನಮ್ಮವರು ರಜೆ ಸಿಕ್ಕರೆ ಮೆಕ್ಸಿಕೊದ ಕ್ಯಾನ್‌ಕೂನ್‌ಗೆ ಹೋಗುತ್ತಾರೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಕಿಲ್ಲ. ಡಲ್ಲಾಸ್‌ನಿಂದ ಮೂರು ಗಂಟೆ ವಿಮಾನ, ಅಷ್ಟೇ. ಹೋದ ಏಪ್ರಿಲ್‌ನಲ್ಲಿ ನಾವು ನಾಲ್ವರು ಕಾಲೇಜು ಗೆಳೆಯರೂ ಹಾಗೇ ಹೋದೆವು. ಮಾಯನ್ನರ ಹಳೇ ನಗರ ಚಿಚೆನ್ ಇಟ್ಜಾ ನೋಡಲು ಒಂದು ದಿನ ಇಟ್ಟುಕೊಂಡಿದ್ದೆವು. ಆ ದಿನ ನಮಗಾದದ್ದು ನಿಮಗೆ ಆಗುವುದು ಬೇಡ ಅಂತ ಬರೆಯುತ್ತಿದ್ದೇನೆ.

ಟಿಕೆಟ್ ತೆಗೆದುಕೊಂಡದ್ದು ರಸ್ತೆಬದಿಯ ಒಂದು ಸಣ್ಣ ಕೌಂಟರ್‌ನಲ್ಲಿ. ಬೇರೆ ಕಡೆ ಕೇಳಿದ್ದರ ಅರ್ಧ ಬೆಲೆ. "ಎಲ್ಲ ಸೇರಿದೆ" ಅಂದರು, ನಂಬಿದೆವು. ಬೆಳಿಗ್ಗೆ 7ಕ್ಕೆ ಬರಬೇಕಾದ ಬಸ್ 8ಕ್ಕೆ ಬಂತು. ಐದಾರು ಹೋಟೆಲ್ ಸುತ್ತಿ ಊರು ಬಿಡುವಾಗ 9 ದಾಟಿತ್ತು.

ಚಿಚೆನ್ ಇಟ್ಜಾ ಸುಮಾರು 200 ಕಿ.ಮೀ. ದೂರ. ನೇರ ಹೋದರೆ ಎರಡೂವರೆ ಗಂಟೆ ಸಾಕು. ನಮ್ಮ ಬಸ್ ನೇರ ಹೋಗಲಿಲ್ಲ. ಮೊದಲು "ಮಾಯನ್ ಹಳ್ಳಿ" ಅಂತ ಒಂದು ದೊಡ್ಡ ಅಂಗಡಿಗೆ ಇಳಿಸಿದರು. ಅಲ್ಲೊಬ್ಬರು ಕಪ್ಪು ಅಬ್ಸಿಡಿಯನ್ ಕಲ್ಲನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. ಒಳಗಿಂದ ಚಿನ್ನದ ಬಣ್ಣ ಮೇಲೆದ್ದು ಬಂತು. ನಿಜಕ್ಕೂ ಚೆನ್ನಾಗಿತ್ತು. ಆದರೆ ಒಂದು ಗಂಟೆ ಅಲ್ಲೇ ಹೋಯಿತು. ಬಾಗಿಲ ಹತ್ತಿರ ನಿಂತಿದ್ದ ಗೈಡ್ ಯಾರನ್ನೂ ಬಸ್ಸಿಗೆ ಕರೆಯಲಿಲ್ಲ. ಆಮೇಲೆ ಸೆನೋಟೆ, ಅಂದರೆ ಸುಣ್ಣದ ಕಲ್ಲು ಕುಸಿದು ಆದ ನೀರಿನ ಹೊಂಡ. ಆಮೇಲೆ ಊಟ. ನೀವು ಸಸ್ಯಾಹಾರಿ ಆಗಿದ್ದರೆ "ಮಾಂತೇಕಾ" ಅನ್ನುವ ಪದ ನೆನಪಿಡಿ. ಅದು ಹಂದಿ ಕೊಬ್ಬು. ಅಲ್ಲಿ ಎಷ್ಟೋ ಕಡೆ ಕಾಳಿನ ಪಲ್ಯವನ್ನು ಅದರಲ್ಲೇ ಮಾಡುತ್ತಾರೆ. ಮಾಂಸ ಇದೆಯಾ ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ. ನಮ್ಮಲ್ಲೊಬ್ಬಳು ಹಾಗೇ ತಿಂದಳು. ಗೊತ್ತಾದ ಮೇಲೆ ಅವಳು ಪಟ್ಟ ಸಂಕಟ ನೋಡಲಾಗಲಿಲ್ಲ.

ಗೇಟ್ ತಲುಪಿದಾಗ ನನ್ನ ಫೋನ್‌ನಲ್ಲಿ 1:45. ಪ್ರವೇಶ ಶುಲ್ಕ ಸೇರಿಲ್ಲ ಅಂತ ಗೊತ್ತಾದದ್ದು ಅಲ್ಲಿ! ಕಟ್ಟುವುದೂ ಎರಡು ಸಲ. ಒಂದು ಕೇಂದ್ರ ಸರ್ಕಾರದ ಪುರಾತತ್ವ ಸಂಸ್ಥೆಗೆ, ಇನ್ನೊಂದು ರಾಜ್ಯಕ್ಕೆ. ಗೈಡ್ "ನಾಲ್ಕೂವರೆಗೆ ಬಸ್" ಅಂತ ಕೂಗಿ ಹೋದ.

ಕುಕುಲ್ಕಾನ್ ಪಿರಮಿಡ್ ಎದುರು ನಿಂತಾಗ ಎಲ್ಲ ಸಿಟ್ಟೂ ಮರೆತುಹೋಯಿತು. ನಾಲ್ಕು ಕಡೆಯೂ 91 ಮೆಟ್ಟಿಲು, ಮೇಲಿನದೊಂದು ಸೇರಿದರೆ 365. ವರ್ಷದ ದಿನಗಳನ್ನೇ ಕಲ್ಲಿನಲ್ಲಿ ಕಟ್ಟಿಟ್ಟಿದ್ದಾರೆ. ಮೆಟ್ಟಿಲ ಮುಂದೆ ನಿಂತು ಚಪ್ಪಾಳೆ ತಟ್ಟಿದರೆ ಹಕ್ಕಿ ಕೂಗಿದ ಹಾಗೆ ಮಾರ್ದನಿ ಬರುತ್ತದೆ. ಇನ್ನೂ ತುಂಬಾ ಟೈಮ್ ಇದೆ ಅಂತ ನಿಧಾನವಾಗಿ 168 ಮೀಟರ್ ಉದ್ದದ ಚೆಂಡಾಟದ ಅಂಗಳದ ಕಡೆ ನಡೆದೆವು.

ಅಲ್ಲಿ ನಮ್ಮ ಗೆಳೆಯನೊಬ್ಬ ಗೋಡೆ ಹಿಡಿದು ಕುಳಿತುಬಿಟ್ಟ. ಬಿಳಿ ಮುಖ, ತೊಯ್ದ ಅಂಗಿ, ವಾಂತಿ. ಪಿರಮಿಡ್ ಸುತ್ತಲಿನ ಬಯಲಲ್ಲಿ ನೆರಳು ಅನ್ನುವುದೇ ಇಲ್ಲ, ಸುಣ್ಣದ ಕಲ್ಲಿನ ಝಳ ಕೆಳಗಿಂದಲೂ ಹೊಡೆಯುತ್ತದೆ. ನಾಲ್ವರ ನಡುವೆ ಇದ್ದದ್ದು ಎರಡು ಸಣ್ಣ ಬಾಟಲಿ ನೀರು. ಮರದಡಿ ಕಸೂತಿ ಬಟ್ಟೆ ಮಾರುತ್ತಿದ್ದ ಹೆಂಗಸು ತನ್ನ ಗಂಟು ಸರಿಸಿ ಅವನನ್ನು ಮಲಗಿಸಿದಳು. ಒದ್ದೆ ಬಟ್ಟೆ ಕುತ್ತಿಗೆಗೆ ಹಾಕಿದಳು. ನಿಂಬೆ, ಉಪ್ಪು ಹಾಕಿದ ನೀರು ಗುಟುಕು ಗುಟುಕಾಗಿ ಕುಡಿಸಿದಳು. ಮಗನ ಜೊತೆ ಮಾಯಾ ಭಾಷೆಯಲ್ಲೇ ಮಾತಾಡುತ್ತಿದ್ದಳು. ಮಾಯನ್ನರು ಅಳಿದುಹೋದರು ಅಂತ ಓದಿದ್ದೆವು, ಅಲ್ವಾ? ಅವರ ಮಾತಿನಲ್ಲಿ ಧನ್ಯವಾದಕ್ಕೆ "ದಿಯೋಸ್ ಬೋಟಿಕ್" ಅನ್ನುತ್ತಾರೆ. ಆ ದಿನ ಕಲಿತ ಆ ಮಾತು ಮರೆಯುವುದಿಲ್ಲ.

ಅವನು ಚೇತರಿಸಿಕೊಂಡ ಮೇಲೆ 4:20ಕ್ಕೆ ಪಾರ್ಕಿಂಗ್‌ಗೆ ಬಂದೆವು. ಬಸ್ ಇಲ್ಲ. ಹೋಗಿ ಐವತ್ತು ನಿಮಿಷ ಆಗಿತ್ತು.

ಕಾರಣ ಇಷ್ಟೇ. ಕ್ಯಾನ್‌ಕೂನ್ ಇರುವುದು ಕಿಂತಾನಾ ರೋ ರಾಜ್ಯದಲ್ಲಿ, ಚಿಚೆನ್ ಇಟ್ಜಾ ಪಕ್ಕದ ಯುಕಟಾನ್‌ನಲ್ಲಿ. 2015ರಲ್ಲಿ ಕಿಂತಾನಾ ರೋ ತನ್ನ ಗಡಿಯಾರ ಬದಲಿಸಿಕೊಂಡಿತು. ಈಗ ಅಲ್ಲಿಯ ಸಮಯ ಯುಕಟಾನ್‌ಗಿಂತ ಒಂದು ಗಂಟೆ ಮುಂದೆ. ರಾಜ್ಯದ ಗಡಿ ದಾಟುತ್ತಲೇ ನಮ್ಮ ಫೋನ್‌ಗಳು ತಾವಾಗಿಯೇ ಹಿಂದೆ ಹೋಗಿದ್ದವು. ಗೈಡ್ ಹೇಳಿದ ನಾಲ್ಕೂವರೆ ಕ್ಯಾನ್‌ಕೂನ್‌ನದು, ನಮ್ಮ ಫೋನ್‌ನಲ್ಲಿ ಆಗ ಮೂರೂವರೆ. ಅದನ್ನು ಹೇಳುವುದು ಅವನ ಕೆಲಸವಾಗಿತ್ತು. ನಾಲ್ಕು ಜನ ಕಮ್ಮಿ ಇದ್ದಾರೆ ಅಂತ ಎಣಿಸುವುದೂ ಅವನ ಕೆಲಸವೇ.

ಹುಷಾರಿಲ್ಲದ ಗೆಳೆಯನ ಬ್ಯಾಗ್ ಬಸ್ಸಿನಲ್ಲೇ ಇತ್ತು. ಅದರೊಳಗೆ ಪಾಸ್‌ಪೋರ್ಟ್, ಅದರಲ್ಲಿ ಅಮೆರಿಕದ ವೀಸಾ. ಅದಿಲ್ಲದೆ ಅವನು ಮನೆಗೆ ಮರಳುವ ಹಾಗಿಲ್ಲ. ನಮ್ಮ ರಾಯಭಾರ ಕಚೇರಿ ಇರುವುದು ದೂರದ ಮೆಕ್ಸಿಕೊ ಸಿಟಿಯಲ್ಲಿ. ಹಂಚಿಕೆ ವ್ಯಾನ್ ಹಿಡಿದು ವಯಾದೊಲಿಡ್ ಎಂಬ ಊರಿಗೆ, ಅಲ್ಲಿಂದ ಬಸ್‌ನಲ್ಲಿ ಕ್ಯಾನ್‌ಕೂನ್‌ಗೆ ಬರುವಷ್ಟರಲ್ಲಿ ಮಧ್ಯರಾತ್ರಿ ಹತ್ತಿರ. ಚೀಟಿಯಲ್ಲಿದ್ದ ನಂಬರ್‌ಗೆ ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಕೌಂಟರ್‌ಗೆ ಬೀಗ. ಮಧ್ಯಾಹ್ನ ಯಾರೋ ಬ್ಯಾಗ್ ತಂದು ಹೋಟೆಲ್ ರಿಸೆಪ್ಷನ್‌ನಲ್ಲಿ ಇಟ್ಟು ಹೋಗಿದ್ದರು. ಪಾಸ್‌ಪೋರ್ಟ್ ಒಳಗೇ ಇತ್ತು. ನಮ್ಮ ವಿಮಾನಕ್ಕೆ ಆಗ ಐದು ಗಂಟೆ ಬಾಕಿ.

ಬಸ್‌ನಲ್ಲೇ ಹೋಗುವುದಾದರೆ ಚೀಟಿಯಲ್ಲಿ ಎರಡೂ ಶುಲ್ಕ ಸೇರಿದೆಯಾ, ದಾರಿಯಲ್ಲಿ ಎಷ್ಟು ಕಡೆ ನಿಲ್ಲಿಸುತ್ತಾರೆ, ಗೇಟ್‌ಗೆ ಎಷ್ಟಕ್ಕೆ ತಲುಪುತ್ತದೆ, ಇವನ್ನು ದುಡ್ಡು ಕೊಡುವ ಮುಂಚೆ ಬರೆಸಿಕೊಳ್ಳಿ. ಇಳಿಯುವಾಗ "ಓರಾ ದೆ ಕ್ಯಾನ್‌ಕೂನ್? ಓರಾ ದೆ ಯುಕಟಾನ್?" ಅಂತ ಕೇಳಿ, ಅಂದರೆ ಕ್ಯಾನ್‌ಕೂನ್ ಸಮಯವಾ, ಯುಕಟಾನ್ ಸಮಯವಾ ಅಂತ. ಪಾಸ್‌ಪೋರ್ಟ್ ಮೈಮೇಲೇ ಇರಲಿ. ತಲೆಗೊಂದು ಟೋಪಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು.

ನಾವು ಮತ್ತೆ ಹೋಗುತ್ತೇವೆ. ಎಲ್ ಕರಕೋಲ್ ಅನ್ನುವ ಅವರ ವೀಕ್ಷಣಾಲಯ ನೋಡುವುದು ಹಾಗೇ ಉಳಿದುಹೋಯಿತು. ಈ ಸಲ ಹಿಂದಿನ ರಾತ್ರಿಯೇ ವಯಾದೊಲಿಡ್‌ನಲ್ಲಿ ಉಳಿದು, ಬೆಳಿಗ್ಗೆ 8ಕ್ಕೆ, ಯುಕಟಾನ್ ಗಡಿಯಾರದ 8ಕ್ಕೆ, ಗೇಟ್ ತೆಗೆಯುವ ಹೊತ್ತಿಗೆ ಅಲ್ಲಿರುತ್ತೇವೆ.