ಜರ್ಕ್ ಹೊಡೆಯುವ ಆಟಕ್ಕೆ ನಾಲ್ಕು ಮದ್ದು: ಮಾನಿಟರ್, ರ‍್ಯಾಮ್, ಎಸ್‌ಎಸ್‌ಡಿ ಮತ್ತು ಒಂದು ಪುಕ್ಕಟೆ ಮಿತಿ

ಕಂಪ್ಯೂಟರ್ ಆಟಗಳು ಜರ್ಕ್ ಹೊಡೆಯುವುದನ್ನು ನಿಲ್ಲಿಸಲು ಒಂದೂವರೆ ವರ್ಷದಲ್ಲಿ ನಾನು ನಾಲ್ಕು ಮದ್ದು ಮಾಡಿ ನೋಡಿದೆ. ಮೊದಲು ಹೊಸ ಮಾನಿಟರ್, ಆಮೇಲೆ ಇನ್ನೊಂದು ರ‍್ಯಾಮ್ ಸ್ಟಿಕ್, ಆಮೇಲೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಕೆಲಸವನ್ನೇ ವೇಗವಾಗಿ ಮಾಡುವ ಸಂಗ್ರಹ), ಕೊನೆಗೆ ಫ್ರೇಮುಗಳಿಗೆ (ಆಟ ಒಂದಾದ ಮೇಲೊಂದರಂತೆ ತೋರಿಸುವ ಚಿತ್ರಗಳಿಗೆ) ಮಿತಿ ಹಾಕುವ ಒಂದು ಪುಕ್ಕಟೆ ತಂತ್ರಾಂಶ. ಹೆಚ್ಚು ಹಣ ನುಂಗಿದ್ದು ಮೊದಲನೆಯದು, ಹೆಚ್ಚು ಕೆಲಸ ಮಾಡಿದ್ದು ಕೊನೆಯದು. ಹೀಗಾಗಿ ಈ ಹೋಲಿಕೆಯನ್ನು ತಕ್ಕಡಿ ಹಿಡಿದು ಬರೆದದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ನಾನು ಪುಕ್ಕಟೆ ಮದ್ದಿನ ಪಕ್ಷದವನು.

ನನ್ನದು 2020ರ ಕೊನೆಯಲ್ಲಿ ಜೋಡಿಸಿದ ಯಂತ್ರ: ಇಂಟೆಲ್ ಐ5-10400ಎಫ್ ಪ್ರೊಸೆಸರ್, ಎಚ್410 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್, ಚಿತ್ರ ಬಿಡಿಸಲು ಎನ್ವಿಡಿಯಾದ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 1 ಟಿಬಿಯ ಹಾರ್ಡ್ ಡಿಸ್ಕ್, 60 ಹರ್ಟ್ಸಿನ, ಅಂದರೆ ಸೆಕೆಂಡಿಗೆ 60 ಸಲ ಪರದೆ ಬದಲಿಸುವ, ಹಳೆಯ ಮಾನಿಟರ್. ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು, ಹೆಚ್ಚೆಂದರೆ ಒಂದೂವರೆ ಗಂಟೆ ಆಡುವವನು ನಾನು. ಕುದುರೆ ಏರಿ ಊರೂರು ಸುತ್ತುವ, ಲಾರಿ ಓಡಿಸುವ, ನಿಧಾನದ ಆಟಗಳೇ ನನಗೆ ಇಷ್ಟ. ಆನ್‌ಲೈನಿನಲ್ಲಿ ಗುಂಡು ಹಾರಿಸುವ ಸ್ಪರ್ಧೆಯ ಗೋಜಿಗೆ ಹೋಗುವುದಿಲ್ಲ. ಮುಂದಿನ ತೀರ್ಮಾನಗಳೆಲ್ಲ ಈ ಅಭ್ಯಾಸದ ಮೇಲೆ ನಿಂತಿವೆ.

ನನ್ನನ್ನು ಬಹಳ ದಿನ ದಾರಿ ತಪ್ಪಿಸಿದ್ದು ಪರದೆಯ ಮೂಲೆಯಲ್ಲಿ ಕಾಣುವ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಅಂಕಿ. ಅದು 58 ಎಂದು ತೋರಿಸುತ್ತಿರುವಾಗಲೂ ಕಣ್ಣೆದುರಿನ ಕುದುರೆ ಮುಗ್ಗರಿಸುತ್ತಿತ್ತು. ಲೆಕ್ಕ ಸರಳವಾಗಿದೆ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದು ಫ್ರೇಮಿಗೂ ಸಿಗುವುದು 16.7 ಮಿಲಿಸೆಕೆಂಡ್. 57 ಫ್ರೇಮುಗಳು ಅಷ್ಟರೊಳಗೆ ಬಂದು, ಉಳಿದ ಒಂದೇ ಒಂದು ಫ್ರೇಮು 50 ಮಿಲಿಸೆಕೆಂಡ್ ತೆಗೆದುಕೊಂಡರೂ ಆ ಸೆಕೆಂಡಿನ ಎಫ್‌ಪಿಎಸ್ 58 ಎಂದೇ ಕಾಣುತ್ತದೆ; ಕಣ್ಣಿಗೆ ಕುಟುಕುವುದು ಮಾತ್ರ ಆ ಒಂದು ಫ್ರೇಮು. ಗ್ರಾಫಿಕ್ಸ್ ಕಾರ್ಡುಗಳ ವಿಮರ್ಶೆಯಲ್ಲಿ ಸರಾಸರಿಯನ್ನು ಬಿಟ್ಟು ಒಂದೊಂದು ಫ್ರೇಮಿನ ಸಮಯವನ್ನು ಅಳೆಯುವ ರೂಢಿ ಬೇರೂರಿದ್ದೇ 2011ರಲ್ಲಿ ಟೆಕ್ ರಿಪೋರ್ಟ್ ತಾಣದ ಸ್ಕಾಟ್ ವಾಸನ್ ಹಾಗೆ ಅಳೆದು ತೋರಿಸಿದ ಮೇಲೆ. ನನಗೆ ಅದು ತಿಳಿಯಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು, ಅದೂ ಮಾನಿಟರಿಗೆ ಹಣ ಕೊಟ್ಟಾದ ಮೇಲೆ.

ಆ ಮಾನಿಟರಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದೇ ಹಳ್ಳದಲ್ಲಿ ಬೇರೆಯವರೂ ಬೀಳುವುದನ್ನು ಕಂಡಿದ್ದೇನೆ. ಕಾರ್ಡು ಫ್ರೇಮನ್ನು ಯಾವಾಗ ಸಿದ್ಧಮಾಡಿ ಕೊಡುತ್ತದೋ ಆಗಲೇ ಪರದೆಯನ್ನು ಬದಲಿಸುವ ಮಾನಿಟರುಗಳಿವೆ. ಕಾರ್ಡುಗಳನ್ನು ತಯಾರಿಸುವ ಕಂಪನಿಗಳಲ್ಲಿ ಎಎಂಡಿಯವರು ಇದನ್ನು ಫ್ರೀಸಿಂಕ್ ಎಂದೂ ಎನ್ವಿಡಿಯಾದವರು ಜಿ-ಸಿಂಕ್ ಎಂದೂ ಕರೆಯುತ್ತಾರೆ. ಫ್ರೀಸಿಂಕ್ ಮಾನಿಟರುಗಳಿಗೆ ಎನ್ವಿಡಿಯಾ ಕಾರ್ಡುಗಳೂ ಹೊಂದಿಕೊಳ್ಳುವಂತೆ 2019ರ ಜನವರಿಯ ಡ್ರೈವರಿನಲ್ಲಿ (ಕಾರ್ಡನ್ನು ನಡೆಸುವ ತಂತ್ರಾಂಶದಲ್ಲಿ) ವ್ಯವಸ್ಥೆಯಾಯಿತು ಎಂಬಷ್ಟನ್ನು ಓದಿಕೊಂಡು, ಅದರ ಕೆಳಗಿನ ಸಾಲನ್ನು ಓದದೆ, ನಾನು ದಾವಣಗೆರೆಯಿಂದ ಬೇರೊಂದು ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಸದರ್ ಪತ್ರಪ್ಪ ರಸ್ತೆಯ ಒಂದು ಅಂಗಡಿಗೆ ನುಗ್ಗಿದೆ. 75 ಹರ್ಟ್ಸ್, ಫ್ರೀಸಿಂಕ್, ₹9,200. ‘ನನ್ನದು ಎನ್ವಿಡಿಯಾ ಕಾರ್ಡು, ಇದು ಕೆಲಸ ಮಾಡುತ್ತದೆಯೇ?’ ಎಂದು ಕೇಳಿದೆ. ‘ಬರುತ್ತೆ ಸಾರ್, ಸ್ಟಿಕ್ಕರೇ ಇದೆಯಲ್ಲ’ ಎಂದು ಹುಡುಗ ಡಬ್ಬದ ಮೂಲೆಯನ್ನು ತೋರಿಸಿದ. ಸ್ಟಿಕ್ಕರ್ ಇದ್ದದ್ದು ನಿಜ.

ಆ ಡಬ್ಬವನ್ನು ಬಸ್ಸಿನಲ್ಲಿ ಇನ್ನೂರ ಅರವತ್ತು ಕಿಲೋಮೀಟರ್ ತೊಡೆಯ ಮೇಲಿಟ್ಟುಕೊಂಡು ಬಂದು, ಕೈಕಾಲು ಕೂಡ ತೊಳೆಯದೆ ಜೋಡಿಸಿದೆ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನ ಎಡಗಡೆಯ ಪಟ್ಟಿಯಲ್ಲಿ ಜಿ-ಸಿಂಕ್ ಸಿದ್ಧಪಡಿಸುವ ಸಾಲು ಇರಬೇಕಾಗಿತ್ತು, ಇರಲಿಲ್ಲ. ಡ್ರೈವರ್ ಹೊಸದು ಮಾಡಿದೆ, ಮಾನಿಟರಿನ ಮೆನುವಿನಲ್ಲಿ ಫ್ರೀಸಿಂಕ್ ಆನ್ ಮಾಡಿದೆ, ಕೇಬಲ್ ಬದಲಿಸಿದೆ, ಆದರೂ ಬರಲಿಲ್ಲ. ಆಮೇಲೆ ಮಾನಿಟರಿನ ಬೆನ್ನನ್ನು ಟಾರ್ಚ್ ಹಾಕಿ ನೋಡಿದೆ. ಕೇಬಲ್ ಚುಚ್ಚುವ ಕಿಂಡಿಗಳಲ್ಲಿ ಅಲ್ಲಿದ್ದದ್ದು ಒಂದು ಎಚ್‌ಡಿಎಂಐ, ಒಂದು ನೀಲಿ ವಿಜಿಎ; ಡಿಸ್‌ಪ್ಲೇಪೋರ್ಟ್ ಎಂಬ ಮೂರನೆಯ ಬಗೆಯ ಕಿಂಡಿ ಇರಲಿಲ್ಲ. ನಾನು ಓದದೆ ಬಿಟ್ಟ ಸಾಲು ಇದೇ ಆಗಿತ್ತು: ನನ್ನ ತಲೆಮಾರಿನ ಎನ್ವಿಡಿಯಾ ಕಾರ್ಡುಗಳು ಇಂಥ ಮಾನಿಟರುಗಳೊಂದಿಗೆ ಹೊಂದಿಕೊಳ್ಳುವುದು ಡಿಸ್‌ಪ್ಲೇಪೋರ್ಟ್ ಮೂಲಕ ಮಾತ್ರ. ಎಎಂಡಿ ಕಾರ್ಡುಗಳಾದರೆ ಎಚ್‌ಡಿಎಂಐ ಮೂಲಕವೂ ಫ್ರೀಸಿಂಕ್ ನಡೆಸುತ್ತವೆ, ಹಾಗಾಗಿ ಸ್ಟಿಕ್ಕರ್ ಸುಳ್ಳು ಹೇಳಿರಲಿಲ್ಲ. ಒಂದು ಅಡಾಪ್ಟರಿಗೆ ಮತ್ತೆ ₹650 ಕೊಟ್ಟು ನೋಡಿದೆ, ಅದರಿಂದಲೂ ಆ ಸಾಲು ಮೂಡಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಹೋದರೆ ಹೋಗಲಿ, 75 ಹರ್ಟ್ಸ್ ಆದರೂ ಸಿಕ್ಕಿತು ಎಂದು ಸಮಾಧಾನಪಡಬಹುದಿತ್ತು. ಆದರೆ ಹಳೆಯ ಮಾನಿಟರಿನಲ್ಲಿ ಚೆನ್ನಾಗಿದ್ದ ಆಟವೂ ಹೊಸದರಲ್ಲಿ ಕೆಟ್ಟಿತು. ಎಲ್ಡನ್ ರಿಂಗ್ ಆಟ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 60 ಫ್ರೇಮಿಗಿಂತ ಮೇಲೆ ಹೋಗುವುದಿಲ್ಲ. 60 ಫ್ರೇಮುಗಳನ್ನು 75 ಸಲ ಬದಲಾಗುವ ಪರದೆಗೆ ಹಂಚಬೇಕಾದರೆ ಹದಿನೈದು ಫ್ರೇಮುಗಳನ್ನು ಎರಡೆರಡು ಸಲ ತೋರಿಸಲೇಬೇಕು. ಅಂದರೆ ಮೂರು ಫ್ರೇಮುಗಳು 13.3 ಮಿಲಿಸೆಕೆಂಡ್ ನಿಂತು ಹೋದರೆ ನಾಲ್ಕನೆಯದು 26.7 ಮಿಲಿಸೆಕೆಂಡ್ ನಿಲ್ಲುತ್ತದೆ, ಹೀಗೆ ಸೆಕೆಂಡಿಗೆ ಹದಿನೈದು ಬಾರಿ. ಕ್ಯಾಮೆರಾವನ್ನು ನಿಧಾನವಾಗಿ ಸುತ್ತ ತಿರುಗಿಸಿದಾಗ ದೂರದ ಗೋಪುರಗಳು ಜಾರುವ ಬದಲು ಕುಪ್ಪಳಿಸುತ್ತಿದ್ದವು. ಹೊಸ ಮಾನಿಟರ್ ತಂದ ಮೂರನೆಯ ದಿನ, ನಾನೇ ಕೈಯಾರೆ ಅದನ್ನು ವಿಂಡೋಸ್‌ನಲ್ಲಿ 60 ಹರ್ಟ್ಸಿಗೆ ಇಳಿಸಿದೆ. ಹಳೆಯದೂ 60 ಹರ್ಟ್ಸಿನದೇ ಆಗಿತ್ತು ಎಂಬುದನ್ನು ಮನೆಯವರು ಆಗಾಗ ಜ್ಞಾಪಿಸುತ್ತಾರೆ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಗೆಳೆಯನೊಬ್ಬನ ಮನೆಯ 144 ಹರ್ಟ್ಸಿನ, ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರಿಗೆ ನನ್ನ ಸಿಪಿಯು ಡಬ್ಬವನ್ನು ಒಂದು ಭಾನುವಾರ ಹೊತ್ತುಕೊಂಡು ಹೋಗಿ ಜೋಡಿಸಿ ನೋಡಿದೆ. 48ಕ್ಕೂ 70ಕ್ಕೂ ನಡುವೆ ಓಲಾಡುವ ಆಟ ಅಲ್ಲಿ ಬೆಣ್ಣೆಯಂತೆ ಸಾಗಿತು. ಸರಿಯಾಗಿ ಹೊಂದಿಕೊಂಡ ಮಾನಿಟರಿನಷ್ಟು ನಯವಾದ ಮದ್ದು ಬೇರೆ ಇಲ್ಲ ಎಂದು ಒಪ್ಪಿಕೊಳ್ಳುತ್ತೇನೆ, ಆದರೆ ಅದರ ಬೆಲೆ ನಾನು ಕೊಟ್ಟದ್ದರ ಸುಮಾರು ಎರಡರಷ್ಟಿತ್ತು.

ಎರಡನೆಯ ಮದ್ದು ರ‍್ಯಾಮ್. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಆಟದ ನಡುವೆ 8 ಜಿಬಿಯಲ್ಲಿ 7.6 ತುಂಬಿರುತ್ತಿತ್ತು, ಮಿಕ್ಕದ್ದನ್ನು ವಿಂಡೋಸ್ ಹಾರ್ಡ್ ಡಿಸ್ಕಿಗೆ ಸಾಗಿಸುತ್ತ, ಮತ್ತೆ ಅಲ್ಲಿಂದ ತರುತ್ತ ಒದ್ದಾಡುತ್ತಿತ್ತು. ಅದಲ್ಲದೆ ಒಂದೇ ಸ್ಟಿಕ್ ಇದ್ದಾಗ ಪ್ರೊಸೆಸರಿಗೆ ದತ್ತಾಂಶ ಬರುವುದು ಒಂದೇ ಚಾನೆಲ್ಲಿನಲ್ಲಿ. ನನ್ನ ಪ್ರೊಸೆಸರ್ ಒಪ್ಪುವ ಡಿಡಿಆರ್4-2666 ವೇಗದಲ್ಲಿ ಅದು ಸೆಕೆಂಡಿಗೆ ಗರಿಷ್ಠ 21.3 ಜಿಬಿ, ಎರಡು ಸ್ಟಿಕ್ ಹಾಕಿದರೆ ಅದರ ಎರಡರಷ್ಟು. 2023ರ ಮಧ್ಯದಲ್ಲಿ ₹1,650 ಕೊಟ್ಟು ಇನ್ನೊಂದು 8 ಜಿಬಿ ತಂದೆ. ಹೊಸದರ ಮೇಲೆ 3200 ಎಂದು ಬರೆದಿದ್ದರೂ ನನ್ನ ಬೋರ್ಡಿನಲ್ಲಿ ಅದು ಓಡುವುದು 2666ಕ್ಕೇ. ಆ ಬಗ್ಗೆ ನನಗೆ ದೂರಿಲ್ಲ. ಮೊದಲ ಸಲ ಹಾಕಿದಾಗ ಯಂತ್ರ ಏಳಲೇ ಇಲ್ಲ, ಫ್ಯಾನ್ ಮಾತ್ರ ತಿರುಗಿತು. ಮಗಳ ಕಂಪಾಸ್ ಬಾಕ್ಸಿನಿಂದ ರಬ್ಬರ್ ತೆಗೆದುಕೊಂಡು ಹಳೆಯ ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿ, ಪುಡಿಯನ್ನು ಊದಿ, ಎರಡೂ ಬದಿಯ ಕೊಂಡಿಗಳು ಟಕ್ ಎನ್ನುವವರೆಗೆ ಒತ್ತಿದ ಮೇಲೆ ಎದ್ದಿತು.

ಸಂತೆಯೊಳಗೆ ಕುದುರೆ ಹೊಕ್ಕಾಗ ಅರ್ಧ ಸೆಕೆಂಡ್ ಕಲ್ಲಾಗುತ್ತಿದ್ದ ಪರದೆ ಆ ದಿನದಿಂದ ಕಲ್ಲಾಗಲಿಲ್ಲ. ದೊಡ್ಡ ಆಘಾತಗಳು ಹೋದವು, ಸಣ್ಣ ನಡುಕ ಉಳಿಯಿತು. ಕೊಟ್ಟ ಹಣಕ್ಕೆ ಮೋಸವಿಲ್ಲ.

ಎಸ್‌ಎಸ್‌ಡಿಯಿಂದ ಆಟ ಬೇಗ ತೆರೆಯಿತು, ದೂರದ ಮರಗಳು ಕಣ್ಣೆದುರೇ ಮೊಳೆಯುವುದು ನಿಂತಿತು; ರ‍್ಯಾಮ್ ಆದ ಮೇಲೆ ಜರ್ಕಿನ ಲೆಕ್ಕದಲ್ಲಿ ಅದು ತಂದ ಬದಲಾವಣೆ ಅಷ್ಟಕ್ಕಷ್ಟೇ. ಹಾರ್ಡ್ ಡಿಸ್ಕಿನಲ್ಲೇ ವಿಂಡೋಸ್ ಇಟ್ಟುಕೊಂಡವರು ಬೇರೆ ಕಾರಣಗಳಿಗಾಗಿ ಅದನ್ನು ಕೊಳ್ಳಲಿ.

ಈಗ ಪುಕ್ಕಟೆ ಮದ್ದು. ಅದರ ಹೆಸರು ರಿವಾಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ, ಕಾರ್ಡಿನ ಮೇಲೆ ಕಣ್ಣಿಡುವ ತಂತ್ರಾಂಶ ಹಾಕಿಕೊಂಡರೆ ಜೊತೆಗೇ ಬರುತ್ತದೆ. ಫ್ರೇಮ್ ಸಮಯವನ್ನು ಗೆರೆಯಾಗಿ ಆಟದ ಮೇಲೆಯೇ ಬಿಡಿಸಿ ತೋರಿಸುವ ಸೌಲಭ್ಯಕ್ಕಾಗಿ ನಾನು ಅದನ್ನು ಹಾಕಿಕೊಂಡದ್ದು. ಗೆರೆ ಗರಗಸದ ಹಲ್ಲಿನಂತಿತ್ತು. ಕಾಡಿನಲ್ಲಿ 14 ಮಿಲಿಸೆಕೆಂಡ್, ಬೆಟ್ಟ ಹತ್ತಿದರೆ 20, ಸೇತುವೆಯ ಮೇಲೆ 17, ಮತ್ತೆ 21. ನಾನು ವಿ-ಸಿಂಕ್ (ಪರದೆ ಬದಲಾಗುವ ಸರದಿಗೇ ಫ್ರೇಮನ್ನು ತೋರಿಸುವ ಆಯ್ಕೆ) ಹಾಕಿ ಆಡುತ್ತಿದ್ದೆ, ಹಾಕದಿದ್ದರೆ ಚಿತ್ರ ಅಡ್ಡಡ್ಡ ಹರಿಯುತ್ತದೆ. ವಿ-ಸಿಂಕ್ ಇರುವಾಗ 60 ಹರ್ಟ್ಸಿನ ಪರದೆಯಲ್ಲಿ 16.7 ಮಿಲಿಸೆಕೆಂಡಿಗೆ ಸಿದ್ಧವಾಗದ ಫ್ರೇಮು ಮುಂದಿನ ಸರದಿಯವರೆಗೆ ಕಾಯಬೇಕಾದ್ದರಿಂದ, 17 ಮಿಲಿಸೆಕೆಂಡಿನ ಫ್ರೇಮಿಗೂ 33.3ರ ಶಿಕ್ಷೆಯೇ ಆಗುತ್ತದೆ. ಬಸ್ಸು ಒಂದು ನಿಮಿಷದಲ್ಲಿ ತಪ್ಪಿದರೂ ಹತ್ತು ನಿಮಿಷದಲ್ಲಿ ತಪ್ಪಿದರೂ ಹತ್ತುವುದು ಮುಂದಿನ ಬಸ್ಸನ್ನೇ.

ಆ ಕಿಟಕಿಯಲ್ಲಿ ಫ್ರೇಮ್‌ರೇಟ್ ಲಿಮಿಟ್ ಎಂಬ ಚೌಕವಿದೆ. ಅದರಲ್ಲಿ 60 ಎಂದು ಬರೆದೆ. ಆಟದ ಒಳಗೆ ನೆರಳುಗಳನ್ನು ಅಲ್ಟ್ರಾದಿಂದ ಮೀಡಿಯಮ್ಮಿಗೆ ಇಳಿಸಿದೆ, ಹುಲ್ಲಿನ ದಟ್ಟಣೆಯನ್ನೂ ಒಂದು ಮೆಟ್ಟಿಲು ಇಳಿಸಿದೆ. ಎರಡೂ ಸೇರಿದಾಗಲೇ ಫಲ. ಮಿತಿ ಮಾತ್ರ ಹಾಕಿ ನೆರಳನ್ನು ಇಳಿಸದಿದ್ದರೆ ಕಾರ್ಡು 60ನ್ನು ಮುಟ್ಟದ ಜಾಗಗಳಲ್ಲಿ ಜರ್ಕ್ ಹಾಗೆಯೇ ಇರುತ್ತದೆ. ನೆರಳನ್ನಷ್ಟೇ ಇಳಿಸಿ ಮಿತಿ ಬಿಟ್ಟರೆ ಫ್ರೇಮುಗಳು ಅಷ್ಟು ಸಮ ಅಂತರದಲ್ಲಿ ಬರುವುದಿಲ್ಲ. ಮಿತಿ ಹಾಕಿದ ಮೇಲೆ 98 ಪ್ರತಿಶತ ದುಡಿಯುತ್ತಿದ್ದ ಕಾರ್ಡು 75ರ ಆಸುಪಾಸಿಗೆ ಇಳಿಯಿತು, ಫ್ಯಾನಿನ ಸದ್ದು ತಗ್ಗಿತು, ಗೆರೆ 16.7ರ ಮೇಲೆ ದಾರ ಕಟ್ಟಿ ಎಳೆದಂತೆ ಮಲಗಿತು. ದಾವಣಗೆರೆಯ ಏಪ್ರಿಲ್ಲಿನಲ್ಲಿ ಕೋಣೆ ಕಾಯದಿರುವುದೂ ಒಂದು ಲಾಭವೇ.

ರ‍್ಯಾಮಿನ ಪುಣ್ಯವನ್ನು ಮಿತಿಯ ಖಾತೆಗೆ ಹಾಕುತ್ತಿದ್ದೇನೆಯೇ ಎಂಬ ಅನುಮಾನ ನನಗೇ ಬಂದು, ಹೊಸ ಸ್ಟಿಕ್ಕನ್ನು ಕಿತ್ತಿಟ್ಟು ಅದೇ ದಾರಿಯಲ್ಲಿ ಅದೇ ಕುದುರೆಯನ್ನು ಓಡಿಸಿದೆ. ಕಾಡು, ಬೆಟ್ಟ, ಸೇತುವೆಗಳಲ್ಲಿ ಗೆರೆ ಸಮವಾಗಿಯೇ ಇತ್ತು. ಸಂತೆಯಲ್ಲಿ ಮಾತ್ರ ಎರಡು ಕಡೆ ಹಳೆಯಂತೆಯೇ ಕಂಬ ಎದ್ದಿತು. ಆದ್ದರಿಂದ 8 ಜಿಬಿಯವರಿಗೆ ಮಿತಿಯೊಂದೇ ಸಾಲದು.

ಮಿತಿಯನ್ನು ಆಟದೊಳಗೆ, ಡ್ರೈವರಿನಲ್ಲಿ, ರಿವಾಟ್ಯೂನರಿನಲ್ಲಿ, ಹೀಗೆ ಮೂರು ಕಡೆ ಹಾಕಬಾರದು. ಒಂದು ಕಡೆ ಸಾಕು. ರಿವಾಟ್ಯೂನರ್ ಒಗ್ಗದ ಆಟಗಳಿಗೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನಲ್ಲೇ 2020ರಿಂದ ಇರುವ ಗರಿಷ್ಠ ಫ್ರೇಮ್‌ರೇಟ್ ಆಯ್ಕೆಯನ್ನು ಬಳಸುತ್ತೇನೆ. 60 ಹರ್ಟ್ಸಿನಲ್ಲಿ 45ರ ಮಿತಿ ಹಾಕುವುದು ಹಾಕದಿರುವುದಕ್ಕಿಂತ ಕಡೆ, ಏಕೆಂದರೆ ಅದು ಪರದೆಯ ಸರದಿಗೆ ಸಮನಾಗಿ ಭಾಗವಾಗುವುದಿಲ್ಲ. 60 ಆಗದಿದ್ದರೆ 30ಕ್ಕೇ ಇಳಿಯಬೇಕು. 120 ಹರ್ಟ್ಸ್ ಇದ್ದವರಿಗೆ 40ರ ಮಿತಿ ಚೆಂದ ಹೊಂದುತ್ತದೆ, ಪ್ರತಿ ಫ್ರೇಮಿಗೂ ಮೂರು ಸರದಿ, 25 ಮಿಲಿಸೆಕೆಂಡ್.

ಈ ನಾಲ್ಕರಲ್ಲಿ ಯಾವುದಕ್ಕೂ ಬಗ್ಗದ ಒಂದು ಜರ್ಕ್ ಇದೆ. ಡೈರೆಕ್ಟ್‌ಎಕ್ಸ್ 12 (ಆಟವನ್ನೂ ಕಾರ್ಡನ್ನೂ ಬೆಸೆಯುವ ವಿಂಡೋಸ್ ವ್ಯವಸ್ಥೆ) ಬಳಸುವ ಕೆಲವು ಆಟಗಳಲ್ಲಿ ಹೊಸ ಬೆಂಕಿ, ಹೊಸ ರಾಕ್ಷಸ ಮೊದಲ ಬಾರಿ ಕಾಣಿಸಿದಾಗ ಅದರ ಶೇಡರನ್ನು, ಅಂದರೆ ಅದನ್ನು ಹೇಗೆ ಬಿಡಿಸಬೇಕೆಂದು ಕಾರ್ಡಿಗೆ ಹೇಳುವ ಪುಟ್ಟ ಪ್ರೋಗ್ರಾಮನ್ನು, ಆಟ ಅಲ್ಲಿಯೇ ಕೂತು ಸಿದ್ಧಪಡಿಸುತ್ತದೆ, ಪರದೆ ತಡವರಿಸುತ್ತದೆ. ಅದೇ ಜಾಗಕ್ಕೆ ಎರಡನೆಯ ಸಲ ಹೋದಾಗ ಜರ್ಕ್ ಮಾಯವಾಗಿದ್ದರೆ ಕಾರಣ ಇದೇ ಇರುವ ಸಂಭವ ಹೆಚ್ಚು. ಅದಕ್ಕಾಗಿ ಅಂಗಡಿಗೆ ಹೋಗುವುದು ವ್ಯರ್ಥ. ಮೊದಲ ಬಾರಿ ಶೇಡರ್ ಸಿದ್ಧಪಡಿಸಲು ಆಟವೇ ಸಮಯ ಕೇಳಿದರೆ ನಾನು ಕಾಫಿ ಮಾಡಿಕೊಳ್ಳಲು ಏಳುತ್ತೇನೆ.

ಹಾಗಾದರೆ ನನ್ನ ಕ್ರಮ ಹೀಗೆ: ಮೊದಲು ಮಿತಿ, ಅದಾದ ಮೇಲೆ ರ‍್ಯಾಮ್, ಆಮೇಲೆ ಕೈಯಲ್ಲಿ ಹಣ ಉಳಿದರೆ ಡಿಸ್‌ಪ್ಲೇಪೋರ್ಟ್ ಇರುವ, 120 ಅಥವಾ ಅದಕ್ಕೂ ಹೆಚ್ಚಿನ ಹರ್ಟ್ಸಿನ ಮಾನಿಟರ್. ಒಂದೊಂದು ಮಿಲಿಸೆಕೆಂಡಿಗೂ ಬಡಿದಾಡುವ ಸ್ಪರ್ಧಾಳುಗಳಿಗೆ ಈ ಕ್ರಮ ಹಿಡಿಸಲಾರದು. ಅವರು 60ರ ಮಿತಿಯನ್ನು ಕಂಡರೆ ನಗುತ್ತಾರೆ.

ಆ ₹9,200ರ ಮಾನಿಟರನ್ನು ಹೋದ ದೀಪಾವಳಿಗೆ ಅಕ್ಕನ ಮಗನಿಗೆ ಕೊಟ್ಟೆ. ಅವನದು ಎಎಂಡಿಯ ಆರ್‌ಎಕ್ಸ್ 6600 ಕಾರ್ಡು. ಎಚ್‌ಡಿಎಂಐ ಚುಚ್ಚಿದ ಕೂಡಲೇ ಫ್ರೀಸಿಂಕ್ ಬಂತು. ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ವಾರದ ಮೇಲೆ ಫೋನ್ ಮಾಡಿ, ‘ಮಾಮ, ಚೆನ್ನಾಗೇ ಇದೆ, ಆದ್ರೆ ಮನೆಯೊಳಗೆ ಹೊಕ್ಕಾಗ ಚಿತ್ರ ಹರಿಯುತ್ತೆ’ ಎಂದ. ಅವನ ಕಾರ್ಡು ಒಳಾಂಗಣದ ದೃಶ್ಯಗಳಲ್ಲಿ 90 ದಾಟುತ್ತಿತ್ತು, ಮಾನಿಟರಿನ ಫ್ರೀಸಿಂಕ್ ವ್ಯಾಪ್ತಿ 48ರಿಂದ 75 ಮಾತ್ರ. ರಿವಾಟ್ಯೂನರ್ ಹಾಕಿಸಿ, ಚೌಕದಲ್ಲಿ 72 ಎಂದು ಬರೆಯಲು ಹೇಳಿದೆ.