ಜೀವಕೋಶ, ದೇಹದ ವ್ಯವಸ್ಥೆಗಳು: 6 ವಾರ ಬಳಸಿದ ರಿವಿಷನ್ ಕಾರ್ಡ್‌ಗಳು

ಶಾಲೆ ಬಿಟ್ಟು 18 ವರ್ಷದ ಮೇಲೆ ನರ್ಸಿಂಗ್ ಓದಲು ಹೊರಟಿದ್ದೇನೆ. ಜೀವಶಾಸ್ತ್ರ ಪೂರ್ತಿ ಮರೆತುಹೋಗಿತ್ತು. ಅದಕ್ಕೇ ಈ ಕಾರ್ಡ್‌ಗಳ ಕಟ್ಟು ತರಿಸಿಕೊಂಡೆ. ದಿನಾ ರಾತ್ರಿ ಮಗಳ ಪಕ್ಕ ಕೂತು ಓದುತ್ತೇನೆ.

ಕೋಶದ ಭಾಗ ತುಂಬಾ ಚೆನ್ನಾಗಿದೆ. ಸುಮ್ನೆ ಹೆಸರು ಉರು ಹೊಡೆಸುವುದಿಲ್ಲ, ಕಾರಣ ಕೇಳುತ್ತದೆ. ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ (ಕೋಶವನ್ನು ನಿಯಂತ್ರಿಸುವ ಕೇಂದ್ರ) ಯಾಕಿಲ್ಲ? ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಜಾಸ್ತಿ ಜಾಗ ಸಿಗುತ್ತದೆ. ಆದರೆ ಅದರಿಂದಲೇ ಆ ಕಣ ತನ್ನನ್ನು ರಿಪೇರಿ ಮಾಡಿಕೊಳ್ಳಲಾರದು, ಬದುಕುವುದು ಸುಮಾರು 120 ದಿನ. ಹೃದಯದ ಸ್ನಾಯುಕೋಶದಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ತುಂಬಿರುವುದೂ ಹೀಗೇ ಅರ್ಥವಾಯಿತು. ಬಿಡುವಿಲ್ಲದ ಕೆಲಸಕ್ಕೆ ಶಕ್ತಿ ಬೇಕಲ್ವಾ?

ನನಗೆ ಅತಿ ಇಷ್ಟವಾದದ್ದು ಮೂತ್ರಪಿಂಡದ ಕಾರ್ಡ್. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್, ಅಂದರೆ ರಕ್ತ ಸೋಸುವ ಪುಟ್ಟ ಘಟಕಗಳು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಮೂತ್ರವಾಗಿ ಹೋಗುವುದು ಒಂದೆರಡು ಲೀಟರ್, ಉಳಿದದ್ದೆಲ್ಲ ರಕ್ತಕ್ಕೆ ವಾಪಸ್. ಆ ರಾತ್ರಿ ಮಗಳನ್ನು ಎಬ್ಬಿಸಿ ಇದನ್ನು ಹೇಳಿದೆ.

ರಕ್ತ ಪರಿಚಲನೆಯ ಕಾರ್ಡ್‌ನಲ್ಲಿ ಮಾತ್ರ ತಪ್ಪಿದೆ. ಹೃದಯದಿಂದ ರಕ್ತ ಒಯ್ಯುವ ಅಪಧಮನಿಗಳಿಗೆಲ್ಲ, ಆಮ್ಲಜನಕ ತುಂಬಿದ ರಕ್ತಕ್ಕೆ ಬಳಸುವ ಕೆಂಪು ಬಣ್ಣ ಬಳಿದಿದ್ದಾರೆ. ಆದರೆ ಶ್ವಾಸಕೋಶದ ಅಪಧಮನಿ ಒಯ್ಯುವುದು ಆಮ್ಲಜನಕ ಕಡಿಮೆ ಇರುವ ರಕ್ತವನ್ನು. ಚಿತ್ರಗಳಲ್ಲಿ ಅಂಥ ರಕ್ತಕ್ಕೆ ನೀಲಿ ಬಣ್ಣ, ಹಾಗಾಗಿ ಅದು ನೀಲಿ ಇರಬೇಕಿತ್ತು. ಇದನ್ನು ನಂಬಿ ಎರಡು ವಾರ ತಪ್ಪು ಕಲಿತೆ, ತುಂಬಾ ಬೇಜಾರಾಯಿತು. ಈಗ ಪೆನ್ನಿನಲ್ಲಿ ತಿದ್ದಿಟ್ಟಿದ್ದೇನೆ. ನೀವೂ ತಿದ್ದಿಕೊಳ್ಳಿ.

ಹಾರ್ಮೋನ್ ಭಾಗ ಪರವಾಗಿಲ್ಲ. ನರಮಂಡಲಕ್ಕೆ ಇರುವುದು ಬರೀ 4 ಕಾರ್ಡ್, ನರಕೋಶಗಳ ನಡುವೆ ಸಂದೇಶ ದಾಟುವ ಜಾಗವಾದ ಸೈನಾಪ್ಸ್‌ನ ಚಿತ್ರವೇ ಇಲ್ಲ. ಅದಕ್ಕೆ ಬೇರೆ ಪುಸ್ತಕ ಇಟ್ಟುಕೊಳ್ಳಿ. ಕೋಶದಿಂದ ಓದು ಶುರುಮಾಡುವವರು ಧೈರ್ಯವಾಗಿ ತರಿಸಿಕೊಳ್ಳಬಹುದು.