ಗ್ಯಾರೇಜಿನ ಕಬ್ಬಿಣದ ಕಂಬಕ್ಕೆ ರೆಡ್ ಆಕ್ಸೈಡೋ, ಎಪಾಕ್ಸಿಯೋ?

ನನ್ನ ಆಯ್ಕೆ ಎರಡು ಡಬ್ಬಿಯ ಎಪಾಕ್ಸಿ ಮ್ಯಾಸ್ಟಿಕ್, ಅಂದರೆ ರಾಳ ಮತ್ತು ಗಟ್ಟಿಕಾರಕ ಬೆರೆಸಿ ಹಚ್ಚುವ ದಪ್ಪ ಬಣ್ಣ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಎನಾಮಲ್ ಬಳಿಯುವುದು ಎರಡನೆಯ ದಾರಿ. ‘ತುಕ್ಕಿನ ಮೇಲೆಯೇ ಹಚ್ಚಿ’ ಎಂದು ಮಾರುವ ಒಂದೇ ಡಬ್ಬಿಯ ಬಣ್ಣ ಮೂರನೆಯದು. ಮೂರೂ ಒಣಗಿದ ದಿನ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಕಂಬದ ಬುಡದಲ್ಲಿ, ಟೈರಿನಿಂದ ಇಳಿದ ನೀರು ಬೇಸ್ ಪ್ಲೇಟಿನ ಸುತ್ತ ನಿಲ್ಲುವ ಕಡೆ.

ಮೂರನೆಯದನ್ನು ಬೇಗ ಮುಗಿಸೋಣ. ಅದರಲ್ಲಿರುವ ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲ ಗಟ್ಟಿಯಾಗಿ ಅಂಟಿಕೊಂಡ ತೆಳು ತುಕ್ಕನ್ನು ಕಪ್ಪು ಪದರವಾಗಿ ಬದಲಿಸುತ್ತದೆ, ಅಷ್ಟೇ. ಹಕ್ಕಳೆ ಏಳುವ ತುಕ್ಕಿನ ತಳಕ್ಕೆ ಅದು ಇಳಿಯುವುದಿಲ್ಲ. ಉಳಿದ ಆಮ್ಲದ ಮೇಲೆ ಎಪಾಕ್ಸಿ ಸರಿಯಾಗಿ ಹಿಡಿಯುವುದೂ ಇಲ್ಲ. ಗೇಟಿಗೆ, ಕಪಾಟಿನ ಸ್ಟ್ಯಾಂಡಿಗೆ ನಡೆಯುತ್ತದೆ. ಸೂರಿನ ಭಾರ ಹೊತ್ತ ಕಂಬಕ್ಕೆ ಬೇಡ.

ರೆಡ್ ಆಕ್ಸೈಡ್ ಕೆಟ್ಟದ್ದಲ್ಲ. ಬ್ರಷ್‌ಗೆ ಹಿತವಾಗಿ ಹರಿಯುತ್ತದೆ, ಅಳತೆ ತಪ್ಪುವ ಭಯವಿಲ್ಲ, ಉಳಿದದ್ದನ್ನು ಮುಚ್ಚಳ ಹಾಕಿಟ್ಟರೆ ಮುಂದಿನ ವಾರಕ್ಕೂ ಬರುತ್ತದೆ. ಆದರೆ ಒಂದು ಕೋಟ್ ಬಳಿದರೆ ಒಣಗಿದ ಮೇಲೆ ಸಿಗುವ ದಪ್ಪ 35-40 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಮಾತ್ರ. ಎರಡು ಪ್ರೈಮರ್, ಎರಡು ಎನಾಮಲ್ ಸೇರಿ ಸುಮಾರು 150 ಮೈಕ್ರಾನ್ ಆಗುತ್ತದೆ. ಕೋಟಿನ ನಡುವೆ ಒಂದೊಂದು ದಿನ ಕಾಯಬೇಕು. ಎಪಾಕ್ಸಿ ಮ್ಯಾಸ್ಟಿಕ್ ಬ್ರಷ್‌ನಲ್ಲೇ ಕೋಟಿಗೆ 75ರಿಂದ 100 ಮೈಕ್ರಾನ್ ಕೊಡುತ್ತದೆ, ಎರಡು ಕೋಟಿಗೆ ಕೆಲಸ ಮುಗಿಯುತ್ತದೆ. ಸತು ಲೇಪಿತ ಕಂಬವಾದರಂತೂ ರೆಡ್ ಆಕ್ಸೈಡ್ ಮಾತೇ ಇಲ್ಲ. ಅದರಲ್ಲಿನ ಎಣ್ಣೆ ಸತುವಿನೊಂದಿಗೆ ಸೇರಿ ಸಾಬೂನಿನಂಥ ಪದರವಾಗುತ್ತದೆ, ಬಣ್ಣ ಹಾಳೆಹಾಳೆಯಾಗಿ ಕಳಚುತ್ತದೆ.

ಇನ್ನು ತಲೆ ತಿನ್ನುವ ವಿಷಯ, ಫ್ಯಾಬ್ರಿಕೇಟರ್ ಮೊದಲೇ ಬಳಿದು ಕಳಿಸುವ ಕೆಂಪು ಬಣ್ಣ.

ಅದನ್ನು ಕಂಡವರು ‘ಪ್ರೈಮರ್ ಆಗಿದೆಯಲ್ಲ’ ಎಂದುಕೊಂಡು ನೇರ ಎಪಾಕ್ಸಿ ಹಚ್ಚುತ್ತಾರೆ. ಆ ತೆಳು ಪದರ ಸಾಮಾನ್ಯವಾಗಿ ಆಲ್ಕಿಡ್, ಅಂದರೆ ಎಣ್ಣೆ ಬೆರೆತ ರಾಳದ ಬಣ್ಣ. ಸಾಗಣೆಯಲ್ಲಿ ತುಕ್ಕು ಹಿಡಿಯದಿರಲಿ ಎಂದು ಹಚ್ಚಿದ್ದು. ಎಪಾಕ್ಸಿಯ ಥಿನ್ನರ್ ಅದನ್ನು ಮೆತ್ತಗಾಗಿಸುತ್ತದೆ, ಅರ್ಧ ಗಂಟೆಯೊಳಗೆ ಮೇಲ್ಮೈ ನೀರಲ್ಲಿ ನೆನೆದ ಬೆರಳಿನ ಹಾಗೆ ಸುಕ್ಕಾಗುತ್ತದೆ. ಸುಕ್ಕಾದರೆ ಒಂದು ರೀತಿಯಲ್ಲಿ ಪುಣ್ಯ, ತಪ್ಪು ಅಂದೇ ಗೊತ್ತಾಯಿತು. ಸುಕ್ಕಾಗದೆ ಉಳಿದದ್ದು ಇನ್ನೂ ಕಷ್ಟ. ಎಪಾಕ್ಸಿ ಗಟ್ಟಿಯಾಗುತ್ತ ಬಿಗಿದುಕೊಳ್ಳುತ್ತದೆ, ತಳದ ದುರ್ಬಲ ಪದರವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಳ ನಂತರ ಕೆಂಪು ಬೆನ್ನಿನ ಚಕ್ಕೆಗಳು ಉದುರುತ್ತವೆ.

ಪರೀಕ್ಷೆ ಸುಲಭ. ಬಿಳಿ ಬಟ್ಟೆಯನ್ನು ಎಪಾಕ್ಸಿ ಥಿನ್ನರ್‌ನಲ್ಲಿ ಅದ್ದಿ ಒಂದೇ ಜಾಗದಲ್ಲಿ 25 ಸಲ ಒತ್ತಿ ಉಜ್ಜಿ. ಬಟ್ಟೆ ಕೆಂಪಾದರೆ ಆಲ್ಕಿಡ್ ಎಂದೇ ತಿಳಿಯಿರಿ. ಹಳೆಯ ಪದರ ಬಣ್ಣ ಬಿಡದೆಯೂ ಇರಬಹುದು. ಆಗ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅಲ್ಲೇ ಒತ್ತಿಟ್ಟು ಉಗುರಿನಿಂದ ಕೆರೆದು ಮೆತ್ತಗಾಗಿದೆಯೇ ನೋಡಿ. ಬಳಿಕ ಬ್ಲೇಡಿನಿಂದ ಲೋಹ ಮುಟ್ಟುವಂತೆ ಗುಣಾಕಾರದ ಗೆರೆ ಹಾಕಿ, ಗಟ್ಟಿ ಟೇಪ್ ಅಂಟಿಸಿ ಸರಕ್ಕನೆ ಎಳೆಯಿರಿ. ಟೇಪಿನ ಜತೆ ನೀಲಿಗಪ್ಪು ಹೊಳಪಿನ ಚೂರುಗಳು ಬಂದರೆ ಅದು ಮಿಲ್ ಸ್ಕೇಲ್, ಅಂದರೆ ಉಕ್ಕು ಬಿಸಿಯಲ್ಲಿ ಉರುಳಿ ಬಂದಾಗಿನ ಪೊರೆ. ಹೀಗೆ ಏಳುವ ಪೊರೆ ಉಳಿದರೆ ಅದರ ಮೇಲಿನ ಯಾವ ಬಣ್ಣವೂ ಉಳಿಯದು.

ಪರೀಕ್ಷೆಯಲ್ಲಿ ಸೋತರೆ ಎರಡೇ ದಾರಿ: ಎಲ್ಲವನ್ನೂ ಲೋಹದವರೆಗೆ ಕಿತ್ತುಹಾಕಿ ಎಪಾಕ್ಸಿ ಹಚ್ಚುವುದು, ಇಲ್ಲವೇ ಎಪಾಕ್ಸಿಯ ಆಸೆ ಬಿಟ್ಟು ಸಡಿಲಾದದ್ದನ್ನಷ್ಟೇ ಕೆರೆದು ರೆಡ್ ಆಕ್ಸೈಡ್‌ನಲ್ಲೇ ಮುಂದುವರಿಯುವುದು. ಕೀಳುವುದಾದರೆ ಮೊದಲು ಎಣ್ಣೆ ಜಿಡ್ಡು ತೊಳೆಯಿರಿ, ಆಮೇಲೆ ಗ್ರೈಂಡರ್. ಕ್ರಮ ತಪ್ಪಿದರೆ ಜಿಡ್ಡನ್ನು ಇಡೀ ಕಂಬಕ್ಕೆ ನೀವೇ ಸವರಿದಂತೆ. ವೈರ್ ಕಪ್ ಬ್ರಷ್ ಮಿಲ್ ಸ್ಕೇಲನ್ನು ತೆಗೆಯುವುದಿಲ್ಲ, ಪಾಲಿಶ್ ಮಾಡುತ್ತದೆ. 60 ಅಥವಾ 80 ಗ್ರಿಟ್‌ನ ಫ್ಲ್ಯಾಪ್ ಡಿಸ್ಕ್ ಬಳಸಿ, ಲೋಹ ಮಂಕು ಬೂದಿಯಾಗಿ ಒರಟಾಗಬೇಕು. ಹಳೆಯ ಕಟ್ಟಡದ ಬಣ್ಣವಾದರೆ ಸೀಸದ ಪರೀಕ್ಷೆ ಆಗುವ ತನಕ ಗ್ರೈಂಡರ್ ಮುಟ್ಟಬೇಡಿ. ಉಕ್ಕೇ ತೆಳ್ಳಗಾಗುವಷ್ಟು ತುಕ್ಕು ತಿಂದಿದ್ದರೆ ಅದು ಎಂಜಿನಿಯರ್ ನೋಡಬೇಕಾದ ಕೆಲಸ, ಬಣ್ಣದ್ದಲ್ಲ.

ಎಪಾಕ್ಸಿಗೂ ಅದರದೇ ರಗಳೆಗಳಿವೆ. ಬೆರಕೆಯ ಪ್ರಮಾಣ ಡಬ್ಬಿಯಿಂದ ಡಬ್ಬಿಗೆ ಬೇರೆ, 1:1ರಿಂದ 4:1ರವರೆಗೂ ಇರುತ್ತದೆ. ಅದು ತೂಕದಲ್ಲೋ ಗಾತ್ರದಲ್ಲೋ ಎಂದು ಓದಿಕೊಳ್ಳಿ. ಎರಡೂ ಡಬ್ಬಿಗಳನ್ನು ಪ್ರತ್ಯೇಕವಾಗಿ ತಳದಿಂದ ಕಲಕಿ, ಗೆರೆ ಹಾಕಿದ ಲೋಟದಲ್ಲಿ ಅರ್ಧ ಲೀಟರಿನಷ್ಟೇ ಬೆರೆಸಿ. ಇಡೀ ಡಬ್ಬಿ ಒಮ್ಮೆಲೇ ಬೆರೆಸಿದರೆ ತನ್ನ ಕಾವಿಗೇ ಬೇಗ ಗಟ್ಟಿಯಾಗುತ್ತದೆ. ಉಕ್ಕಿನ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ತಾಪ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಬೆಳಿಗ್ಗೆ ಬೆವರಿದ ಕಂಬಕ್ಕೆ ಕೈ ಹಾಕಬೇಡಿ. ತೇವ ಹೆಚ್ಚಿದ್ದಾಗ ಒಣಗಿದ ಮೇಲ್ಮೈಯಲ್ಲಿ ಜಿಡ್ಡಿನಂಥ ಪೊರೆ ಬರುತ್ತದೆ. ಅದನ್ನು ಥಿನ್ನರ್‌ನಿಂದ ಒರೆಸಿದರೆ ಹರಡುತ್ತದೆ, ಸಾಬೂನು ಹಾಕಿದ ಬಿಸಿನೀರಿಗೆ ಹೋಗುತ್ತದೆ. ಮುಂದಿನ ಕೋಟಿಗೆ ಡಬ್ಬಿಯ ಮೇಲೆ ಬರೆದ ಗಡುವು ಮೀರಿದರೆ ಎಮರಿ ಪೇಪರ್ ಹಿಡಿಯಲೇಬೇಕು.

ಅಂಚು, ವೆಲ್ಡಿಂಗ್ ಗೆರೆ, ಬೋಲ್ಟ್ ತಲೆಗಳಿಗೆ ಸಣ್ಣ ಬ್ರಷ್‌ನಲ್ಲಿ ಮೊದಲೇ ಒಂದು ಕೋಟ್ ಕೊಡಿ. ದ್ರವ ಚೂಪು ಅಂಚಿನಿಂದ ಹಿಂದೆ ಸರಿಯುತ್ತದೆ, ತುಕ್ಕು ಅಲ್ಲಿಂದಲೇ ಶುರು. ಮುಂದೆ ವೆಲ್ಡ್ ಮಾಡಬೇಕಾದ ಜಾಗದ ಸುತ್ತ 50 ಮಿಲಿಮೀಟರ್ ಬಿಡಿ.

ಲೆಕ್ಕಕ್ಕೆ: 100 ಮಿಲಿಮೀಟರ್ ಚೌಕದ, 2.4 ಮೀಟರ್ ಎತ್ತರದ ನಾಲ್ಕು ಕಂಬ, 6 ಮೀಟರಿನ 200×100 ಐ ತೊಲೆ ಒಂದು, ಒಟ್ಟು ಸುಮಾರು 8.6 ಚದರ ಮೀಟರ್. 80 ಪ್ರತಿಶತ ಘನಾಂಶದ (ಒಣಗಿದ ಮೇಲೆ ಉಳಿಯುವ ಪಾಲು) ಎಪಾಕ್ಸಿ 100 ಮೈಕ್ರಾನ್‌ಗೆ ಲೀಟರಿಗೆ 8 ಚದರ ಮೀಟರ್ ಸಾಗುತ್ತದೆ, ಪೋಲು ಕಳೆದರೆ 6. ಎರಡು ಕೋಟಿಗೆ 3 ಲೀಟರ್ ಬೇಕು.

ಒಳಗಿನ ಕಂಬಗಳಿಗೆ ಮೇಲಿನ್ನೇನೂ ಬೇಡ. ಬಿಸಿಲು ತಾಗುವ ಬಾಗಿಲ ಕಂಬದಲ್ಲಿ ಮಾತ್ರ ಎಪಾಕ್ಸಿ ಸುಣ್ಣದಂತೆ ಪುಡಿಯಾಗುತ್ತದೆ, ಅಲ್ಲಿಗೆ ಮೇಲೊಂದು ಪಾಲಿಯುರೆಥೇನ್ ಬಣ್ಣ. ಅದನ್ನು ಸ್ಪ್ರೇ ಮಾಡಬೇಡಿ. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕದ ಮಂಜಿಗೆ ಮಾಮೂಲಿ ಮಾಸ್ಕ್ ಸಾಲದು. ಎಪಾಕ್ಸಿಗೆ ನೈಟ್ರೈಲ್ ಕೈಗವಸು, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್, ತೆರೆದ ಬಾಗಿಲು. ಯಾವುದೇ ಥಿನ್ನರ್ ಬಳಸುವಾಗ ಪೈಲಟ್ ಉರಿಯ ಗೀಸರ್ ಆರಿಸಿರಬೇಕು.

ಎಪಾಕ್ಸಿಯ ಡಬ್ಬಿ ದುಬಾರಿಯೇ. ಆದರೂ ಎರಡು ವಾರಾಂತ್ಯ ಉಜ್ಜಿ, ಒಂದು ವಾರಾಂತ್ಯ ಬಳಿದು ಆಮೇಲೆ ಆ ಕಂಬವನ್ನು ಮರೆತುಬಿಡಬೇಕೆನ್ನುವ ನನ್ನಂಥವರಿಗೆ ಅದೇ ಸರಿ. ಕೈ ಬಿಗಿಯಿದ್ದು, ವರ್ಷಕ್ಕೊಮ್ಮೆ ಬುಡ ನೋಡಿ ಟಚ್‌ಅಪ್ ಮಾಡುವ ಅಭ್ಯಾಸವಿದ್ದರೆ ರೆಡ್ ಆಕ್ಸೈಡ್ ಸಾಕು. ಎಪಾಕ್ಸಿಯೇ ಎಂದು ನಿರ್ಧರಿಸಿದ್ದರೆ ಕಬ್ಬಿಣಕ್ಕೆ ಆರ್ಡರ್ ಕೊಡುವಾಗಲೇ ‘ಬ್ಲಾಸ್ಟ್ ಮಾಡಿ (ಮರಳಿನಂಥ ಕಣ ಚಿಮ್ಮಿಸಿ ಉಜ್ಜಿ) ಕೊಡಿ, ಕೆಂಪು ಬಣ್ಣ ಹಚ್ಚಬೇಡಿ’ ಎಂದು ಬರೆಸಿ, ಮೊದಲ ಕೋಟ್ ತಂದ ದಿನವೇ ಹಚ್ಚಿ.